ಕಾವಿನಲ್ಲಿ ಬಿಡದೆ, ಬೇಕೆಂದಾಗ ಬಿಚ್ಚುವ ನಟ್ಟು: ಹತ್ತೊಂಬತ್ತು ತಿಂಗಳ ಅನುಭವ

2023ರ ಶ್ರಾವಣದ ಒಂದು ಮಧ್ಯಾಹ್ನ, ಧಾರವಾಡ ಮತ್ತು ಗದಗ ಜಿಲ್ಲೆಗಳ ಕಲ್ಲು ಕ್ರಷರ್‌ಗಳಲ್ಲಿ ಡೀಸೆಲ್ ಜನರೇಟರ್‌ಗಳ ನಿರ್ವಹಣೆ ಮಾಡುವ ಸಂಸ್ಥೆಯೊಂದರ ಹಿರಿಯ ಫಿಟ್ಟರ್ ಒಬ್ಬರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ಲೇಥ್ ಶಾಪಿಗೆ ಬಂದು, ಬಟ್ಟೆಯಲ್ಲಿ ಕಟ್ಟಿಕೊಂಡು ತಂದಿದ್ದ ಹನ್ನೊಂದು ನಟ್ಟುಗಳನ್ನು ನನ್ನ ಮೇಜಿನ ಮೇಲೆ ಸುರಿದರು. ಎಲ್ಲವೂ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋಚಾರ್ಜರನ್ನು, ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಜೋಡಿಸುವ ಎಂ10, ಅಂದರೆ 10 ಮಿ.ಮೀ. ಥ್ರೆಡ್ ಅಳತೆಯ ನಟ್ಟುಗಳು. ನಾಲ್ಕನ್ನು ಚಾಣದಿಂದ ಸೀಳಿ ತೆಗೆಯಲಾಗಿತ್ತು. ಮೂರರ ಒಳಗೆ ಮುರಿದ ಸ್ಟಡ್ಡಿನ (ನಟ್ಟು ಕೂಡುವ ಥ್ರೆಡ್ ಸರಳಿನ) ತುಂಡು ಹಾಗೆಯೇ ಉಳಿದಿತ್ತು. ಉಳಿದ ನಾಲ್ಕು ಸಡಿಲಗೊಂಡು, ಕಂಪನಕ್ಕೆ ಬಡಿದಾಡಿ, ಒಳಗಿನ ಥ್ರೆಡ್ ಸವೆದು ನುಣುಪಾಗಿದ್ದವು. "ಇವು ಒಂದೋ ತಾವ ಬಿಚ್ಚಿ ಬೀಳತಾವು, ಇಲ್ಲಾ ಏನ್ ಮಾಡಿದ್ರೂ ಬಿಚ್ಚೂದಿಲ್ಲರಿ. ಎರಡೂ ಆಗದಂಥಾದ್ದು ಒಂದು ಮಾಡಿ ಕೊಡ್ರಿ ಸರ, ಸರ್ವಿಸ್‌ಗೊಮ್ಮೆ ಬಿಚ್ಚಿ ಅದನ್ನ ಮತ್ತ ಹಾಕೂಹಂಗಿರಬೇಕು" ಎಂದರು.

ಮೂರು ತಿಂಗಳ ಕೆಲಸವೆಂದು ಒಪ್ಪಿಕೊಂಡೆ. ಅದು 2025ರ ಯುಗಾದಿಯವರೆಗೆ, ಅಂದರೆ ಹತ್ತೊಂಬತ್ತು ತಿಂಗಳು ನಡೆಯಿತು. ನನ್ನಂತೆಯೇ ಸಣ್ಣ ಶಾಪ್ ನಡೆಸುತ್ತ ಇಂಥ ಕೆಲಸಕ್ಕೆ ಕೈಹಾಕುವವರು ಅದೇ ಗುಂಡಿಗಳಲ್ಲಿ ಮತ್ತೆ ಬೀಳಬಾರದೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೊದಲ ವಾರ ಕ್ರಷರೊಂದಕ್ಕೆ ಹೋಗಿ ಕಾವನ್ನು ಅಳೆದೆವು. ಪೂರ್ಣ ಲೋಡಿನಲ್ಲಿ ಎರಡು ಗಂಟೆ ಓಡಿದ ಮೇಲೆ ಫ್ಲೇಂಜಿನ, ಅಂದರೆ ನಟ್ಟು ಕೂಡುವ ಅಗಲ ಅಂಚಿನ, ಮೈಗೆ ಕಟ್ಟಿದ್ದ ಥರ್ಮೋಕಪಲ್ (ಕಾವು ಅಳೆಯುವ ತಂತಿ) 480 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಈ ಒಂದು ಅಂಕಿಯೇ ಅರ್ಧದಷ್ಟು ದಾರಿಗಳನ್ನು ಮುಚ್ಚಿಬಿಟ್ಟಿತು. ಪೇಟೆಯಲ್ಲಿ ಸುಲಭವಾಗಿ ಸಿಗುವ ನೈಲಾಕ್ ನಟ್ಟಿನ ನೈಲಾನ್ ಉಂಗುರ ಸುಮಾರು 120 ಡಿಗ್ರಿಯ ಮೇಲೆ ಕೆಲಸಕ್ಕೆ ಬಾರದು. ಕ್ಯಾಡ್ಮಿಯಂ ಲೇಪದ ನಟ್ಟುಗಳಿಗೆ 230 ಡಿಗ್ರಿಯ ಆಸುಪಾಸಿನಲ್ಲಿಯೇ ಮಿತಿ ಹಾಕಿರುತ್ತಾರೆ, ಏಕೆಂದರೆ ಆ ಲೋಹ 321 ಡಿಗ್ರಿಗೆ ಕರಗುತ್ತದೆ. ಸಾಮಾನ್ಯ ಸ್ಪ್ರಿಂಗ್ ವಾಷರ್ ಈ ಕಾವಿನಲ್ಲಿ ತನ್ನ ಹದ ಕಳೆದುಕೊಂಡು ಬರಿಯ ಬಳೆಯಾಗುತ್ತದೆ. ನಟ್ಟಿನ ಹಿಡಿತ ಅದರ ಲೋಹದಲ್ಲಿಯೇ ಇರಬೇಕೆಂಬುದು ಆಗಲೇ ಖಚಿತವಾಯಿತು. ಚಿತ್ರ ಬಿಡಿಸುವ ಮೊದಲು ಕಾವನ್ನು ಅಳೆಯಿರಿ. ಗ್ರಾಹಕರು ಬಾಯಿಮಾತಿನಲ್ಲಿ ಹೇಳುವ ಅಂಕಿ ಬಹುತೇಕ ಹೊಗೆಯ ಕಾವು, ನಟ್ಟು ಕೂಡುವ ಜಾಗದ್ದಲ್ಲ.

ಕಂಪನಕ್ಕೆ ನಟ್ಟು ಏಕೆ ಬಿಚ್ಚುತ್ತದೆ ಎಂಬುದನ್ನೂ ಆಗಲೇ ಓದಿ ತಿಳಿದುಕೊಳ್ಳಬೇಕಾಯಿತು. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಎಂಜಿನಿಯರ್ 1969ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿದಂತೆ, ಬೋಲ್ಟಿನ ಉದ್ದಕ್ಕೆ ಬರುವ ಕಂಪನಕ್ಕಿಂತ ಅಡ್ಡಲಾಗಿ ಬರುವ ಕಂಪನವೇ ಹೆಚ್ಚು ಅಪಾಯಕಾರಿ. ಜೋಡಿಸಿದ ಎರಡು ಭಾಗಗಳು ಅಡ್ಡಕ್ಕೆ ಒಂದಿಷ್ಟು ಜಾರಿದರೂ ಥ್ರೆಡ್ಡಿನ ಘರ್ಷಣೆ ತಿರುಗುವ ದಿಕ್ಕಿನಲ್ಲಿ ಹಿಡಿದಿಡಲು ಉಳಿಯದೆ, ಸ್ಟಡ್ಡಿನ ಎಳೆತವೇ ನಟ್ಟನ್ನು ಹಿಂದಕ್ಕೆ ತಿರುಗಿಸುತ್ತದೆ. ಹೀಗಾಗಿ ಜಾರದಂತೆ ತಡೆಯುವುದು ಮೊದಲ ಬಿಗಿಯ ಕೆಲಸ. ಆ ಬಿಗಿ ಒಂದು ವೇಳೆ ಇಳಿದರೂ ನಟ್ಟು ಕಳಚಿ ಬೀಳದಂತೆ ಹಿಡಿಯುವುದು ಲಾಕಿನ ಕೆಲಸ. ಈ ಎರಡನ್ನು ನಾನು ಒಂದೇ ಎಂದುಕೊಂಡಿದ್ದೆ, ಗ್ರಾಹಕರೂ ಹಾಗೆಯೇ ತಿಳಿದಿದ್ದರು. ಲಾಕ್ ನಟ್ಟು ಹಾಕಿದ ಮಾತ್ರಕ್ಕೆ ಜೋಡಣೆ ಸಡಿಲವಾಗುವುದಿಲ್ಲವೆಂದು ಯಾರಿಗೂ ಭರವಸೆ ಕೊಡಬೇಡಿ.

ನಮ್ಮ ಮೊದಲ ನಟ್ಟು 304 ಸ್ಟೇನ್‌ಲೆಸ್ ಸ್ಟೀಲಿನದು. ಮೇಲ್ಭಾಗದಲ್ಲಿ ದಪ್ಪ ಕಾಲರ್ ಬಿಟ್ಟು, ಅದನ್ನು ಮೂರು ಕಡೆ ಒತ್ತಿ ತಗ್ಗು ಮಾಡಿದ್ದೆವು. ತಗ್ಗಾದ ಜಾಗದಲ್ಲಿ ಥ್ರೆಡ್ ಸ್ಟಡ್ಡನ್ನು ಅವಚಿಕೊಳ್ಳುತ್ತದೆ. ನಟ್ಟು ಫ್ಲೇಂಜಿಗೆ ತಾಗುವ ಮೊದಲೇ ಅದನ್ನು ತಿರುಗಿಸಲು ಬಲ ಬೇಕಾಗುತ್ತದೆ. ಈ ಬಲಕ್ಕೇ ಪ್ರಿವೇಲಿಂಗ್ ಟಾರ್ಕ್ ಎನ್ನುತ್ತಾರೆ. ಐದು ಸಲ ಹಾಕಿ ಬಿಚ್ಚಿ ನೋಡಿದಾಗ, ಮೊದಲ ಸಲ 7 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಮಾನ) ಇದ್ದದ್ದು ಐದನೆಯ ಸಲ 1.4ಕ್ಕೆ ಬಂದಿತ್ತು. ಹೋಲಿಕೆಗೆ ಹೇಳುವುದಾದರೆ, ವಿಮಾನಗಳ ನಟ್ಟುಗಳಿಗೆ ಇರುವ ಎನ್‌ಎಎಸ್‌ಎಂ 25027 ಎಂಬ ಅಮೆರಿಕದ ನಿರ್ದಿಷ್ಟತೆ ಇದಕ್ಕೆ ಹತ್ತಿರದ 3/8 ಇಂಚಿನ ಸಣ್ಣ ಪಿಚ್ಚಿನ ನಟ್ಟಿಗೆ 80 ಇಂಚು ಪೌಂಡ್, ಅಂದರೆ ಸುಮಾರು 9 ನ್ಯೂಟನ್ ಮೀಟರಿಗಿಂತ ಹೆಚ್ಚಾಗಬಾರದು, ಬಿಚ್ಚುವಾಗ 9.5 ಇಂಚು ಪೌಂಡ್, ಅಂದರೆ ಸುಮಾರು 1.07 ನ್ಯೂಟನ್ ಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ, ಅದೂ 15 ಸಲ. ನಮಗೆ ಬೇಕಿದ್ದದ್ದು ಐದೇ ಸಲ. ಗೆದ್ದೆವೆಂದು ತಿಳಿದು ಇನ್ನೂರು ನಟ್ಟುಗಳಿಗೆ ಸರಳು ತರಿಸಿದೆ.

ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಕಾಯಿಸಿ ನೋಡುವ ಮೊದಲೇ ಸಾಮಾನು ತರಿಸಿದ್ದೆ. ದಸರೆಯ ಹೊತ್ತಿಗೆ ಆರು ನಟ್ಟುಗಳನ್ನು ಸ್ಟಡ್ಡಿಗೆ ಬಿಗಿದು, ಪರಿಚಿತರ ಭಟ್ಟಿಯಲ್ಲಿ 480 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ತಣ್ಣಗಾದ ಮೇಲೆ ಬಿಚ್ಚಿದೆವು. ಎರಡು ನಟ್ಟು ಅರ್ಧ ಸುತ್ತು ತಿರುಗಿ ಕಚ್ಚಿಕೊಂಡವು. ಪಾನಾಕ್ಕೆ ಪೈಪ್ ಸೇರಿಸಿ ಎಳೆದಾಗ ಸ್ಟಡ್ಡೇ ತುಂಡಾಯಿತು. ಒಡೆದು ನೋಡಿದರೆ, ನಟ್ಟಿನ ಲೋಹ ಕಿತ್ತು ಸ್ಟಡ್ಡಿನ ಥ್ರೆಡ್ಡಿಗೆ ಬೆಳ್ಳಗೆ, ಮಸಾಲೆ ಅರೆದ ಕಲ್ಲಿಗೆ ಅಂಟಿದ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಉಳಿದ ನಾಲ್ಕು ಇದಕ್ಕೆ ತದ್ವಿರುದ್ಧ: ಮೊದಲ ಕಾಲು ಸುತ್ತಿನ ನಂತರ ಬೆರಳಿನಿಂದಲೇ ತಿರುಗಿದವು. ಫಿಟ್ಟರ್ ತಂದು ಸುರಿದಿದ್ದ ಎರಡೂ ಬಗೆಯ ಹಾಳು ನಾನೇ ಮಾಡಿದ ನಟ್ಟಿನಲ್ಲಿ ಒಟ್ಟಿಗೆ ಕಂಡವು. ಆ ರಾತ್ರಿ ಶಾಪಿನ ಷಟರ್ ಎಳೆಯುವಾಗ, ಈ ಕೆಲಸವನ್ನು ಇಲ್ಲಿಗೇ ಬಿಟ್ಟುಬಿಡೋಣವೇ ಎಂಬ ಯೋಚನೆ ಬಲವಾಗಿಯೇ ಬಂದಿತ್ತು.

ಬಿಡದಂತೆ ಮಾಡಿದವರು ನಮ್ಮ ಶಾಪಿನ ಟರ್ನರ್ ಕಾಕಾ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಅವರು, ಬೆಳಿಗ್ಗೆ ಚಹಾ ಕುಡಿಯುತ್ತ ಆ ಕಾಲರನ್ನು ಬೆರಳಲ್ಲಿ ತಿರುಗಿಸಿ, "ಇದು ಸ್ಪ್ರಿಂಗ್ ಅಲ್ಲೋ ತಮ್ಮಾ, ಗೋಡಿ ಇದ್ದಂಗದ. ಗೋಡಿ ಒಮ್ಮಿ ಬಾಗಿದ್ರ ಹೊಳ್ಳಿ ನೆಟ್ಟಗಾಗತೈತೇನು?" ಎಂದರು. ಅವರು ಕಣ್ಣಳತೆಯಲ್ಲಿ ಹೇಳಿದ್ದನ್ನು ಆ ದಿನವೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದು ತುದಿ ಹಿಡಿದ ಪಟ್ಟಿಯನ್ನು ಇನ್ನೊಂದು ತುದಿಯಲ್ಲಿ ಬಾಗಿಸಿದಾಗ ಬುಡದಲ್ಲಿ ಹುಟ್ಟುವ ಒತ್ತಡವು ದಪ್ಪಕ್ಕೆ ನೇರವಾಗಿ ಏರುತ್ತದೆ, ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನಮ್ಮ ಕಾಲರಿನ ದಪ್ಪ 1.8 ಮಿ.ಮೀ., ಎತ್ತರ 3 ಮಿ.ಮೀ.; 0.04 ಮಿ.ಮೀ. ಬಾಗಬೇಕಾದರೆ ಒತ್ತಡ 2,400 ಮೆಗಾಪಾಸ್ಕಲ್ ಎಂದು ಬಂತು. ಯಾವ ಸ್ಟೇನ್‌ಲೆಸ್ ಸ್ಟೀಲೂ ತಡೆಯದ ಅಂಕಿ ಅದು; ಅಂದರೆ ಮೊದಲ ಸಲವೇ ಕಾಲರ್ ಶಾಶ್ವತವಾಗಿ ಅಗಲಗೊಳ್ಳುತ್ತಿತ್ತು. ಅದೇ ಕಾಲರನ್ನು ಸೀಳಿ ಆರು ಬೆರಳು ಮಾಡಿ, ದಪ್ಪವನ್ನು 1.1ಕ್ಕೆ ಇಳಿಸಿ, ಉದ್ದವನ್ನು 5 ಮಿ.ಮೀ.ಗೆ ಏರಿಸಿದರೆ ಒತ್ತಡ 528ಕ್ಕೆ ಬರುತ್ತದೆ. ಬೆರಳುಗಳು ದುಂಡಗಿರುವುದರಿಂದ ಈ ಲೆಕ್ಕ ಅಂದಾಜಿನದು, ಆದರೂ ದಾರಿ ತೋರಿಸಲು ಅಷ್ಟು ಸಾಕಾಯಿತು.

ಈ ಒತ್ತಡವನ್ನು ಕಾವಿನಲ್ಲಿಯೂ ತಡೆಯುವ ಲೋಹವೆಂದು ಎ286 ಆರಿಸಿಕೊಂಡೆವು. ಕಬ್ಬಿಣ ಮೂಲದ, ಸುಮಾರು 25 ಪ್ರತಿಶತ ನಿಕ್ಕಲ್ ಮತ್ತು 15 ಪ್ರತಿಶತ ಕ್ರೋಮಿಯಂ ಇರುವ ಈ ಮಿಶ್ರಲೋಹವನ್ನು 650 ಡಿಗ್ರಿಯವರೆಗೂ ಬಳಸುತ್ತಾರೆ. ಸ್ಟಡ್ಡನ್ನೂ ಅದರಲ್ಲಿಯೇ ಮಾಡಿಬಿಡೋಣ ಎಂದು ಗ್ರಾಹಕರ ಎಂಜಿನಿಯರ್ ಸೂಚಿಸಿದರು. ಇಲ್ಲಿ ಮಾತ್ರ ಲೆಕ್ಕ ನಮ್ಮನ್ನು ಮೊದಲೇ ಕಾಪಾಡಿತು. ಎ286 ಕಾವಿಗೆ ಫ್ಲೇಂಜಿನ ಬೀಡು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ನಮ್ಮ ಜೋಡಣೆಯಲ್ಲಿ ಸ್ಟಡ್ಡು ಹಿಡಿಯುವ ದಪ್ಪ 24 ಮಿ.ಮೀ.; 480 ಡಿಗ್ರಿಗೆ ಸ್ಟಡ್ಡು ಫ್ಲೇಂಜಿಗಿಂತ ಸುಮಾರು 0.05 ಮಿ.ಮೀ. ಹೆಚ್ಚು ಉದ್ದವಾಗುತ್ತಿತ್ತು, ಆದರೆ ಬಿಗಿಯುವಾಗ ನಾವು ಅದನ್ನು ಎಳೆದು ಹಿಗ್ಗಿಸುವುದೇ ಸುಮಾರು 0.04 ಮಿ.ಮೀ. ಎಂಜಿನ್ ಕಾದೊಡನೆ ಬಿಗಿಯೆಲ್ಲ ಮಾಯವಾಗುತ್ತಿತ್ತು. ಹಾಗಾಗಿ ಸ್ಟಡ್ಡನ್ನು ಮೊದಲಿನಂತೆ ಕ್ರೋಮ್ ಮಾಲಿಬ್ಡಿನಂ ವೆನೇಡಿಯಂ ಉಕ್ಕಿನ ಬಿ16 ದರ್ಜೆಯದನ್ನೇ ಉಳಿಸಿಕೊಂಡು, ನಟ್ಟನ್ನು ಮಾತ್ರ ಎ286ಗೆ ಬದಲಿಸಿದೆವು. ಇದಕ್ಕೂ ಒಂದು ಬೆಲೆಯಿದೆ: ನಟ್ಟು ಸ್ಟಡ್ಡಿಗಿಂತ ಹೆಚ್ಚು ಹಿಗ್ಗುವುದರಿಂದ ಕಾವಿನಲ್ಲಿ ಬೆರಳುಗಳ ಹಿಡಿತ ವ್ಯಾಸದಲ್ಲಿ ಸುಮಾರು 0.02 ಮಿ.ಮೀ. ಸಡಿಲವಾಗುತ್ತದೆ. ಎರಡೂ ಬದಿ 0.04ರಂತೆ ಒಟ್ಟು 0.08ರಲ್ಲಿ ಕಾಲು ಭಾಗ ಹೋಗುತ್ತದೆ ಎಂದು ಮೊದಲೇ ಲೆಕ್ಕಕ್ಕೆ ಹಿಡಿದೆವು.

ಲೋಹ ಸಿಗುವುದೇ ಒಂದು ಪ್ರಸಂಗವಾಯಿತು. ಸಣ್ಣ ಪ್ರಮಾಣದಲ್ಲಿ ಎ286 ಕೊಡುವವರು ಹುಬ್ಬಳ್ಳಿಯಲ್ಲಿ ನನಗೆ ಸಿಗಲಿಲ್ಲ. ಹೊರಗಿನ ವ್ಯಾಪಾರಿಯೊಬ್ಬರು 20 ಕಿಲೋಗಿಂತ ಕಡಿಮೆ ಕೊಡುವುದಿಲ್ಲವೆಂದರು. 46,000 ರೂಪಾಯಿ ಮುಂಗಡ ಕಟ್ಟಿದೆ. ಸರಳು ಬಂದಾಗ ಅದರ ಮೇಲೆ ಕೊರೆದಿದ್ದ ಹೀಟ್ ನಂಬರ್ (ಲೋಹ ಯಾವ ಎರಕದ್ದೆಂಬ ಗುರುತು) ಒಂದು, ಜೊತೆಗೆ ಬಂದ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ (ಕಾರ್ಖಾನೆಯ ಲೋಹ ಪರೀಕ್ಷೆಯ ಪತ್ರದಲ್ಲಿ) ಇದ್ದದ್ದು ಇನ್ನೊಂದು. ಗ್ರಾಹಕರು ಆ ಕಾಗದವನ್ನು ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿಯೇ. ಸರಿಯಾದ ಸರ್ಟಿಫಿಕೇಟಿಗಾಗಿ ಐದು ವಾರ ಕಾದು, ಕೊನೆಗೆ ನಾವೇ ಒಂದು ತುಂಡನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿ ಖಚಿತ ಮಾಡಿಕೊಂಡೆವು. ಹಣದ ಕೊನೆಯ ಕಂತು ಕೊಡುವ ಮೊದಲು ಸರಳಿನ ಮೇಲಿನ ಅಂಕೆಯ ಫೋಟೋ ತರಿಸಿಕೊಂಡು ಸರ್ಟಿಫಿಕೇಟಿನೊಂದಿಗೆ ತಾಳೆ ನೋಡಿ; ಸರಳನ್ನು ಕತ್ತರಿಸುವಾಗ ಆ ಅಂಕೆ ಇರುವ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಿ.

ಎರಡನೆಯ ತಪ್ಪು ಹೀಟ್ ಟ್ರೀಟ್‌ಮೆಂಟಿನ ಕ್ರಮದಲ್ಲಿ ಆಯಿತು. ಎ286 ಗಟ್ಟಿಯಾಗಬೇಕಾದರೆ ಅದನ್ನು 720 ಡಿಗ್ರಿಯಲ್ಲಿ 16 ಗಂಟೆ ಇಡಬೇಕು. ನಾವು ಮೊದಲು ಗಟ್ಟಿ ಮಾಡಿಸಿ, ಆಮೇಲೆ ಬೆರಳುಗಳನ್ನು ಒಳಕ್ಕೆ ಬಾಗಿಸಿದೆವು. ಗಟ್ಟಿಯಾದ ಬೆರಳು ಬಾಗಲು ಒಪ್ಪದೆ ಹಿಂದಕ್ಕೆ ಹಾರುತ್ತಿತ್ತು. ಹೆಚ್ಚು ಒತ್ತಿದರೆ ಒಂದೊಂದು ಒಂದೊಂದು ಅಳತೆಗೆ ನಿಲ್ಲುತ್ತಿತ್ತು. ಬಲವಂತದಿಂದ ಬಾಗಿದ ಲೋಹದಲ್ಲಿ ಉಳಿದ ಒತ್ತಡ ಭಟ್ಟಿಯ ಕಾವಿಗೆ ಸಡಿಲಗೊಂಡು, ಎರಡನೆಯ ಸುತ್ತಿಗೇ ಹಿಡಿತ ಅರ್ಧಕ್ಕಿಳಿಯಿತು. ಕ್ರಮವನ್ನು ತಿರುಗಿಸಿದೆವು: ಲೋಹ ಮೆತ್ತಗಿರುವಾಗಲೇ ಥ್ರೆಡ್ ಹಾಕಿ, ಸೀಳಿ, ಬಾಗಿಸಿ, ಆಮೇಲೆ ಗಟ್ಟಿ ಮಾಡಿಸಿದೆವು. ಬಾಗಿಸುವುದಕ್ಕೆ ಕಾಕಾ ಹಳೆಯ ಕಾಲೆಟ್ (ಲೇಥಿನಲ್ಲಿ ಸರಳನ್ನು ಹಿಡಿಯುವ ಸೀಳುಬಳೆ) ಒಂದನ್ನು ಅರೆದು ಜಿಗ್ ಮಾಡಿದರು. ನಟ್ಟಿನೊಳಗೆ ಅಳತೆಯ ಪಿನ್ ಇಟ್ಟು ಕೈ ಪ್ರೆಸ್ಸಿನಿಂದ ಒತ್ತಿದರೆ, ಆರೂ ಬೆರಳು ಒಟ್ಟಿಗೆ ಒಳಬಂದು ಪಿನ್ನಿಗೆ ತಾಗಿ ನಿಲ್ಲುತ್ತಿದ್ದವು. ಬಾಗಿದ ಆಕಾರವೇ ಅದರ ಸಹಜ ಆಕಾರವಾದ್ದರಿಂದ ಕಾವಿನಲ್ಲಿ ಕಳೆದುಕೊಳ್ಳಲು ಉಳಿದ ಒತ್ತಡವೇನೂ ಅದರಲ್ಲಿರಲಿಲ್ಲ.

ನಿರ್ವಾತ ಭಟ್ಟಿಯ ಕೆಲಸವನ್ನು ಬೆಂಗಳೂರಿನ ಪೀಣ್ಯದಲ್ಲಿ ಮಾಡಿಸಿದೆವು. ನಮ್ಮದು ಅಂಗೈಯಷ್ಟು ಸಾಮಾನು; ಅದೇ ಕಾವಿನ, ಅದೇ ಅವಧಿಯ ಬೇರೆಯವರ ದೊಡ್ಡ ಲಾಟ್ ಬರುವವರೆಗೆ 22 ದಿನ ಕಾಯಬೇಕಾಯಿತು. ಅವಸರವಿದ್ದರೆ ಪೂರ್ತಿ ಭಟ್ಟಿಯ ದರ ತೆರಬೇಕು. ಸಾಮಾನಿನ ಜೊತೆ ಗಟ್ಟಿತನ ಪರೀಕ್ಷೆಗೆಂದು ಅದೇ ಸರಳಿನ ಒಂದು ತುಂಡನ್ನು ತಪ್ಪದೆ ಇಡಿ, ಇಲ್ಲವಾದರೆ ಅವರು ನಿಮ್ಮ ನಟ್ಟಿನ ಮೇಲೆಯೇ ತಗ್ಗು ಬೀಳುವಂತೆ ಒತ್ತಿ ನೋಡುತ್ತಾರೆ.

ಕಚ್ಚಿಕೊಳ್ಳುವ ಸಮಸ್ಯೆ ಇನ್ನೂ ಹಾಗೆಯೇ ಇತ್ತು. ಮಾಲಿಬ್ಡಿನಂ ಡೈಸಲ್ಫೈಡ್ ಲೇಪ ಅಗ್ಗವಾಗಿ ಸಿಗುತ್ತದೆ, ಆದರೆ ಗಾಳಿಯಲ್ಲಿ 350ರಿಂದ 400 ಡಿಗ್ರಿಯ ಹೊತ್ತಿಗೆ ಅದು ಉತ್ಕರ್ಷಣಗೊಂಡು ನಾಶವಾಗುತ್ತದೆ. ವಿಮಾನದ ಎಂಜಿನ್‌ಗಳ ನಟ್ಟಿಗೆ ಬೆಳ್ಳಿ ಲೇಪಿಸುವುದು ಇದೇ ಕಾರಣಕ್ಕೆ: ಬೆಳ್ಳಿ ಮೆತ್ತಗಿದ್ದು ಎರಡು ಗಡಸು ಲೋಹಗಳ ನಡುವೆ ಜಾರುತ್ತದೆ, ಈ ಕಾವಿಗೆ ಕರಗುವುದೂ ಇಲ್ಲ. ದೇವರ ಸಾಮಾನುಗಳಿಗೆ ಬೆಳ್ಳಿ ಹಾಕುವ ಸ್ಥಳೀಯರೊಬ್ಬರು ಪ್ರೀತಿಯಿಂದಲೇ ಮಾಡಿಕೊಟ್ಟರು. ಮೊದಲ ಸಲ ನಟ್ಟು ತಿರುಗಿಸಿದಾಗಲೇ ಲೇಪ ಈರುಳ್ಳಿಯ ಸಿಪ್ಪೆಯಂತೆ ಸುಲಿದು ಬಂತು. ಕ್ರೋಮಿಯಂ ಇರುವ ಲೋಹದ ಮೇಲ್ಮೈಯಲ್ಲಿ ಸದಾ ಒಂದು ತೆಳು ಆಕ್ಸೈಡ್ ಪೊರೆ ಇರುತ್ತದೆ. ಆಮ್ಲೀಯ ನಿಕ್ಕಲ್ ದ್ರಾವಣದಲ್ಲಿ ಮೊದಲು ತೆಳುವಾದ ನಿಕ್ಕಲ್ ಪದರ ಕೂರಿಸದೆ ಅದರ ಮೇಲೆ ಬೆಳ್ಳಿ ನಿಲ್ಲುವುದಿಲ್ಲ. ಅದನ್ನು ಬಲ್ಲ ಲೇಪಕರನ್ನು ಬೆಂಗಳೂರಿನಲ್ಲಿ ಹುಡುಕಬೇಕಾಯಿತು.

ಲೇಪ ನಿಂತಿತು, ಆದರೆ ನಟ್ಟು ಸ್ಟಡ್ಡಿನ ಮೇಲೆ ಹೋಗಲೇ ಇಲ್ಲ. 60 ಡಿಗ್ರಿ ಕೋನದ ಥ್ರೆಡ್ಡಿನಲ್ಲಿ ಲೇಪದ ದಪ್ಪದ ನಾಲ್ಕು ಪಟ್ಟು ಪಿಚ್ ವ್ಯಾಸ, ಅಂದರೆ ಥ್ರೆಡ್ಡಿನ ನಡುಮಟ್ಟದ ವ್ಯಾಸ, ಬದಲಾಗುತ್ತದೆ. 8 ಮೈಕ್ರಾನ್ ಬೆಳ್ಳಿಗೆ 0.032 ಮಿ.ಮೀ. ಕಿರಿದಾಗಿತ್ತು. ಅಷ್ಟು ದೊಡ್ಡದಾದ ಟ್ಯಾಪ್ (ಒಳಗಿನ ಥ್ರೆಡ್ ಕೊರೆಯುವ ಸಾಧನ) ಮಾಡಿಸಿ ಮತ್ತೊಂದು ಲಾಟ್ ತೆಗೆಯಬೇಕಾಯಿತು, ಮತ್ತೆ ಭಟ್ಟಿ, ಮತ್ತೆ ಲೇಪ. ಲೇಪದ ದಪ್ಪವನ್ನು ನಿಶ್ಚಯಿಸಿದ ಮೇಲೆಯೇ ಟ್ಯಾಪಿಗೆ ಆರ್ಡರ್ ಕೊಡಿ. ಟೈಟೇನಿಯಂ ಸ್ಟಡ್ಡು ಬಳಸುವವರಿಗೆ ಇನ್ನೊಂದು ಎಚ್ಚರಿಕೆ: ಕಾವಿನಲ್ಲಿ ಬೆಳ್ಳಿ ಟೈಟೇನಿಯಂ ಅನ್ನು ಬಿರುಕುಗೊಳಿಸಬಲ್ಲದು, ಅಲ್ಲಿ ಈ ಲೇಪವನ್ನು ಬಳಸಲೇಬಾರದು.

ಅಳತೆಯಲ್ಲಿಯೂ ಒಂದು ತಿಂಗಳು ಕಳೆಯಿತು. ನಮ್ಮಲ್ಲಿದ್ದದ್ದು 100 ನ್ಯೂಟನ್ ಮೀಟರಿನ ಟಾರ್ಕ್ ರೆಂಚ್. ಇಂಥ ರೆಂಚುಗಳನ್ನು ಸಾಮಾನ್ಯವಾಗಿ ಅವುಗಳ ಗರಿಷ್ಠದ 20 ಪ್ರತಿಶತದಿಂದ ಮೇಲಕ್ಕೆ ಮಾತ್ರ ಕ್ಯಾಲಿಬ್ರೇಟ್ ಮಾಡುತ್ತಾರೆ. 2 ನ್ಯೂಟನ್ ಮೀಟರನ್ನು ಅದರಲ್ಲಿ ಓದಿದ್ದಕ್ಕೆ ಅರ್ಥವೇ ಇರಲಿಲ್ಲ. 10 ನ್ಯೂಟನ್ ಮೀಟರಿನ ಡಯಲ್ ರೆಂಚ್ ಕೊಂಡು, ಎನ್‌ಎಬಿಎಲ್ ಮಾನ್ಯತೆಯ (ಪ್ರಯೋಗಾಲಯಗಳಿಗೆ ರಾಷ್ಟ್ರೀಯ ಮಂಡಳಿ ಕೊಡುವ ಮಾನ್ಯತೆ) ಕಡೆ ಕ್ಯಾಲಿಬ್ರೇಟ್ ಮಾಡಿಸಿ, ಹಿಂದಿನ ಎಲ್ಲ ಓದುಗಳನ್ನೂ ಹೊಡೆದುಹಾಕಿ ಮತ್ತೆ ತೆಗೆದೆವು. ಹೊಸ ನಟ್ಟು ಹಾಕುವಾಗ 5.6, ಪ್ರತಿ ಸುತ್ತಿಗೂ 480 ಡಿಗ್ರಿಯಲ್ಲಿ 24 ಗಂಟೆ ಕಾಯಿಸಿ, ಐದನೆಯ ಸಲ ಬಿಚ್ಚುವಾಗ 1.9. ಆ ಸಂಜೆ ಕಾಕಾ ತಾವೇ ಹೋಗಿ ಎಲ್ಲರಿಗೂ ಮಿರ್ಚಿ ಭಜಿ ತಂದರು.

ಪೇಟೆಂಟ್ ಬಗ್ಗೆ ಹಲವರು ಕೇಳಿದ್ದಾರೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಪರಿಶೀಲನೆಗೆ ಬೇರೆ 4,000. ಆದರೆ ಬೆರಳು ಸೀಳಿದ ನಟ್ಟು ಬಹಳ ಹಳೆಯ ಕಲ್ಪನೆ, ನಾನು ಸೇರಿಸಿದ್ದು ಅಳತೆ ಮತ್ತು ಕ್ರಮ ಮಾತ್ರ. ಅರ್ಜಿ ಹಾಕಲಿಲ್ಲ.

ಕೊನೆಯ ಹಂತ, ಜೋಡಣೆಯನ್ನು ಅಡ್ಡಲಾಗಿ ಅಲುಗಿಸುವ ಯುಂಕರ್ ಯಂತ್ರದ ಕಂಪನ ಪರೀಕ್ಷೆ. ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಹನ್ನೆರಡು ನಟ್ಟು ಹಿಡಿದುಕೊಂಡು ರಾತ್ರಿ ರೈಲಿಗೆ ಹೋದೆ. ಅವರ ಲೋಡ್ ಸೆಲ್ಲಿನೊಳಗೆ (ಸ್ಟಡ್ಡಿನ ಎಳೆತ ಅಳೆಯುವ ಸಾಧನ) ಕೂಡಲು ನಮ್ಮ ಸ್ಟಡ್ಡು ಗಿಡ್ಡವೆಂದು ಬೆಳಿಗ್ಗೆ ಹತ್ತೂವರೆಗೆ ತಿಳಿಯಿತು, ಬರಿಗೈಯಲ್ಲಿ ಹಿಂದಿರುಗಿದೆ. ಉದ್ದದ ಸ್ಟಡ್ಡು ಮಾಡಿಕೊಂಡು, ಹೊಸ ದಿನಾಂಕ ಸಿಕ್ಕು ಹೋಗುವಷ್ಟರಲ್ಲಿ ಮತ್ತೆ ಆರು ವಾರ. ಹೋಗುವ ಮುನ್ನವೇ ಡ್ರಾಯಿಂಗ್, ಸ್ಟಡ್ಡಿನ ಉದ್ದ, ಬಿಗಿಯಬೇಕಾದ ಬಲ, ಅಡ್ಡ ಚಲನೆಯ ಅಳತೆ, ಎಷ್ಟು ಆವರ್ತನ ಬೇಕು ಎಂಬುದನ್ನೆಲ್ಲ ಇಮೇಲಿನಲ್ಲಿ ಒಪ್ಪಿಸಿಕೊಳ್ಳಿ. ಪರದೆಯ ಮೇಲೆ ಎರಡು ಗೆರೆಗಳು ಕಂಡವು: ಸ್ಪ್ರಿಂಗ್ ವಾಷರ್ ಹಾಕಿದ ಸಾಮಾನ್ಯ ನಟ್ಟಿನ ಎಳೆತ ಕಣ್ಣೆದುರಿಗೇ ನೆಲಕ್ಕಿಳಿದು, ನಟ್ಟು ತಿರುಗಿ ಸಡಿಲಾಯಿತು. ನಮ್ಮದರ ಎಳೆತವೂ ಇಳಿಯಿತು, ಇಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಂದು ಮಟ್ಟಕ್ಕೆ ಬಂದು ನಿಂತಿತು, ನಟ್ಟು ಜಾಗ ಬಿಡಲಿಲ್ಲ. ಆ ಪರೀಕ್ಷೆ ನಡೆದದ್ದು ಕೋಣೆಯ ಉಷ್ಣತೆಯಲ್ಲಿ. ಕಾವು ಮತ್ತು ಕಂಪನ ಎರಡೂ ಒಟ್ಟಿಗೆ ಸೇರಿದ ಪರೀಕ್ಷೆ ಎಂಜಿನ್ ಮೇಲೆಯೇ ಆಗಬೇಕಿತ್ತು.

ಲೋಹ, ಭಟ್ಟಿ, ಲೇಪ, ಟ್ಯಾಪ್, ರೆಂಚ್, ಪರೀಕ್ಷೆ, ಓಡಾಟ ಎಲ್ಲ ಸೇರಿ ಒಟ್ಟು 3,40,000 ರೂಪಾಯಿ ಹೋಯಿತು, ಅದರಲ್ಲಿ ಸುಮಾರು ಮೂರನೆಯ ಒಂದು ಭಾಗ ಮೇಲೆ ಹೇಳಿದ ತಪ್ಪುಗಳಿಗೆ. ನಮ್ಮ ಸಮಯ ಇದರಲ್ಲಿ ಸೇರಿಲ್ಲ.

ಈಗ ನಟ್ಟಿನ ಪೊಟ್ಟಣದೊಳಗೆ ಒಂದು ಚೀಟಿ ಇಡುತ್ತೇವೆ. ಬಿಗಿಯುವ ಟಾರ್ಕಿಗೆ ಪ್ರಿವೇಲಿಂಗ್ ಟಾರ್ಕನ್ನು ಕೂಡಿಸಿಕೊಳ್ಳಬೇಕು. ನಟ್ಟಿನ ಮೇಲೆ ಸ್ಟಡ್ಡಿನ ಎರಡು ಥ್ರೆಡ್ಡಾದರೂ ಹೊರಗೆ ಕಾಣಬೇಕು, ಇಲ್ಲದಿದ್ದರೆ ಬೆರಳುಗಳು ಪೂರ್ತಿ ಹಿಡಿದಿರುವುದಿಲ್ಲ. ಸ್ಟಡ್ಡಿನ ತುದಿಯ ಚೂಪು ಅಂಚನ್ನು ಅರದಿಂದ ಮುರಿಯಬೇಕು, ಅದು ಬೆಳ್ಳಿಯನ್ನು ಕೆರೆಯುತ್ತದೆ. ಇಂಪ್ಯಾಕ್ಟ್ ಗನ್ ಬೇಡ, ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಬಿಚ್ಚುವಾಗ ಕಿರ್ ಎಂಬ ಸದ್ದು ಬಂದರೆ ಅಲ್ಲಿಯೇ ನಿಲ್ಲಿಸಿ, ಅರ್ಧ ಸುತ್ತು ಹಿಂದೆ ತಿರುಗಿಸಿ, ಎಣ್ಣೆ ಬಿಟ್ಟು ಮತ್ತೆ ಮುಂದುವರಿಯಬೇಕು. ಈ ಕೊನೆಯ ಸಾಲನ್ನು ಕಾಕಾ ಬರೆಸಿದರು.

ಮಾರ್ಚ್ ಕೊನೆಯಲ್ಲಿ, ಯುಗಾದಿಯ ಹಿಂದಿನ ದಿನ, ಗದಗ ಕಡೆಯ ಕ್ರಷರೊಂದರಲ್ಲಿ 500 ಗಂಟೆ ಓಡಿದ ಜನರೇಟರಿನ ಸರ್ವಿಸ್ ಇತ್ತು. ಅದೇ ಹಿರಿಯ ಫಿಟ್ಟರ್ ಪಾನಾ ಹಾಕಿದರು. ಮೊದಲ ಎಳೆತಕ್ಕೆ ನಟ್ಟು ಟಕ್ ಎಂದು ಬಿಟ್ಟಿತು, ಆಮೇಲೆ ಕೊನೆಯ ಥ್ರೆಡ್ಡಿನವರೆಗೂ ಒಂದೇ ಸಮನಾದ ಬಿಗಿಯಲ್ಲಿ ಬಂತು. ಬೆಳ್ಳಿ ಕಪ್ಪಾಗಿತ್ತು, ಅವರು ಚಿಂದಿಯಿಂದ ಒರೆಸಿ, ನಟ್ಟಿನ ಒಳಗೆ ಟಾರ್ಚ್ ಬಿಟ್ಟು ನೋಡಿ, ಥ್ರೆಡ್ ಪೂರ್ತಿ ಇದೆಯೆಂದು ನನಗೂ ತೋರಿಸಿದರು. ನಾಲ್ಕನ್ನೂ ಬಿಚ್ಚಿ, ಗ್ಯಾಸ್ಕೆಟ್ ಬದಲಿಸಿ, ಅವೇ ನಾಲ್ಕು ನಟ್ಟುಗಳನ್ನು ಮತ್ತೆ ಹಾಕಿ ಬಿಗಿದೆವು. ಎರಡನೆಯ ಸಲ ಹಾಕಿದ ಗುರುತಿಗೆ ಪ್ರತಿಯೊಂದರ ತಲೆಯ ಮೇಲೆ ಸೆಂಟರ್ ಪಂಚಿನಿಂದ ಎರಡನೆಯ ಚುಕ್ಕೆ ಹೊಡೆದು, ರಿಜಿಸ್ಟರಿನಲ್ಲಿ ಪ್ರಿವೇಲಿಂಗ್ ಟಾರ್ಕ್ ಬರೆದುಕೊಂಡೆ: 3.8, 3.5, 4.0, 3.6.